ನಕ್ಷತ್ರ ಚಿಹ್ನೆಯ ಎಚ್ಚರಿಕೆ

ಸುರಪುರದ ಗುಡ್ಡಗಳ ಮಗ್ಗುಲಲ್ಲಿ, ಆ ಊರಿಗೆ ಅಂಟಿಕೊಂಡೇ ಬೆಳೆದು ತನ್ನ ಹೆಸರನ್ನು ಮಾತ್ರ ಪ್ರತ್ಯೇಕವಾಗಿ ಉಳಿಸಿಕೊಂಡು ಬಂದಿರುವ ರಂಗಂಪೇಟೆಯಲ್ಲಿ, ಅಧ್ಯಾಪನವೃತ್ತಿಯಿಂದ ನಿವೃತ್ತನಾದ ತರುವಾಯ ನಾನು ಮನೆಯ ಪಡಸಾಲೆಯಲ್ಲಿ ಒಂದು ಗಣಕಯಂತ್ರವನ್ನಿರಿಸಿ, ಓಣಿಯ ವಿದ್ಯಾರ್ಥಿಗಳು ಬೇಕೆಂದಾಗ ಬಂದು ಅದರ ಪ್ರಯೋಜನವನ್ನು ಪಡೆಯುವಂತೆ ಅನುಕೂಲ ಮಾಡಿದ್ದೇನೆ. ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವವರು, ಪರೀಕ್ಷೆಯ ಫಲಿತಾಂಶವನ್ನು ನೋಡುವವರು, ಬರೆದುದನ್ನು ಬೆರಳಚ್ಚಿಸಿ ಮುದ್ರಿಸಿಕೊಳ್ಳುವವರು ಹೀಗೆ ದಿನಕ್ಕೆ ಐದಾರು ಮಂದಿಯಾದರೂ ಬಂದುಹೋಗುವುದುಂಟು. ಒಬ್ಬರ ಬರವಣಿಗೆ ಇನ್ನೊಬ್ಬರ ಕೈಗೆ ಸಿಕ್ಕಿ ಕೆಡಬಾರದೆಂದು ಪ್ರತಿಯೊಬ್ಬರಿಗೂ ಬೇರೆಬೇರೆ ಖಾತೆಯನ್ನು ತೆರೆದುಕೊಟ್ಟಿದ್ದೇನೆ. ಯಂತ್ರ ಹಳೆಯದು; ಹಣ ತೆತ್ತು ಕೊಳ್ಳಬೇಕಾದ ಹೊಸ ಕಾರ್ಯಾಚರಣ ವ್ಯವಸ್ಥೆಗಳ ಭಾರವನ್ನು ತಾಳುವ ಶಕ್ತಿ ಅದಕ್ಕಿಲ್ಲ. ಆದಕಾರಣ ಕೆಲವು ವರ್ಷಗಳ ಹಿಂದೆಯೇ ಅದರಲ್ಲಿ ಲಿನಕ್ಸ್ ಪರಿವಾರಕ್ಕೆ ಸೇರಿದ ಉಬುಂಟು ಎಂಬ ವ್ಯವಸ್ಥೆಯನ್ನು ಸ್ಥಾಪಿಸಿದೆನು.

ಈ ವ್ಯವಸ್ಥೆಯ ಜನ್ಮವೃತ್ತಾಂತವನ್ನು ಎರಡು ಮಾತುಗಳಲ್ಲಿ ಹೇಳಿ ಮುಂದೆ ಸಾಗುವುದು ಉಚಿತ. ತಂತ್ರಾಂಶವೆಂಬುದು ವಿದ್ಯೆಯಂತೆ ಹಂಚಿ ಬಳಸತಕ್ಕ ವಸ್ತುವೆಂದು ನಂಬಿದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಅಮೆರಿಕದಲ್ಲಿ ಗ್ನೂ ಎಂಬ ಮಹಾಕಾರ್ಯದ ಸಂಕಲ್ಪವನ್ನು ಸಾರಿದರು. 1991ರ ಆಗಸ್ಟ್ 25ರಂದು, ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರ್ಷ ಪ್ರಾಯದ ಲೀನಸ್ ಟೊರ್ವಾಲ್ಡ್ಸ್, ತಾನೊಂದು ಹೊಸ ವ್ಯವಸ್ಥೆಯ ತಿರುಳನ್ನು ಬರೆಯುತ್ತಿರುವುದಾಗಿ ಪ್ರಕಟಪಡಿಸಿದರು. ಇವೆರಡರ ಸಂಯೋಗದಿಂದ ಹುಟ್ಟಿದ ಅನೇಕ ರೂಪಗಳಲ್ಲಿ 2004ರ ಅಕ್ಟೋಬರಿನಲ್ಲಿ ಮೊದಲು ಹೊರಬಂದ ಉಬುಂಟು ಒಂದು. ಅದರ ಆವೃತ್ತಿಗಳಿಗೆ ವರ್ಷಮಾಸಗಳೇ ಹೆಸರು, 24.04 ಎಂದರೆ 2024ರ ಏಪ್ರಿಲ್ ತಿಂಗಳಲ್ಲಿ ಬಂದುದೆಂದು ತಿಳಿಯತಕ್ಕುದು.

ನನ್ನ ಯಂತ್ರಕ್ಕೆ ಒಂದು ಮುದ್ರಣಯಂತ್ರವನ್ನು ಜೋಡಿಸಿದೆ. ನೆರೆಮನೆಯ ಲ್ಯಾಪ್‌ಟಾಪುಗಳಿಂದಲೂ ಮೊಬೈಲುಗಳಿಂದಲೂ ಅದಕ್ಕೆ ಹಾಳೆಗಳನ್ನು ಕಳುಹಿಸಬೇಕಾದರೆ ನನ್ನ ಗಣಕಕ್ಕೆ ಸ್ಥಿರವಾದ ಒಂದು ವಿಳಾಸ ಇರಬೇಕು. ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಮನೆಯ ರೌಟರು ಅದಕ್ಕೆ ಬೇರೊಂದು ಸಂಖ್ಯೆಯನ್ನು ಕೊಡುತ್ತಿತ್ತು. ಈ ತೊಡಕನ್ನು ನಿವಾರಿಸುವ ಸಲುವಾಗಿ ನಾನು ಅಲ್ಲಿ ಇಲ್ಲಿ ಓದಿ, ಜಾಲದ ವಿವರಗಳನ್ನು ಬರೆದಿಡುವ ಕಡತವೊಂದನ್ನು ಕೈಯಾರೆ ರಚಿಸಿ, ಗಣಕದ ವಿಳಾಸ ಇಂಥದು, ಹೊರಗೆ ಹೋಗುವ ದಾರಿ ಇಂಥದು, ವೈಫೈಯ ಗುಪ್ತಪದ ಇಂಥದು ಎಂದು ಅದರಲ್ಲಿ ನಮೂದಿಸಿದೆನು. ಕೆಲಸವೇನೋ ಸರಿಯಾಯಿತು. ಆದರೆ ವ್ಯವಸ್ಥೆಯನ್ನು 24.04ಕ್ಕೆ ಏರಿಸಿದ ಮೇಲೆ, ಆ ಕಡತವನ್ನು ಜಾರಿಗೊಳಿಸುವ ಆಜ್ಞೆಯನ್ನು ಕೊಟ್ಟಾಗಲೆಲ್ಲ, ಕಪ್ಪು ತೆರೆಯ ಮೇಲೆ ಜೋಡಿ ನಕ್ಷತ್ರ ಚಿಹ್ನೆಗಳ ನಡುವೆ 'ವಾರ್ನಿಂಗ್' ಎಂಬ ಪದವನ್ನು ಹೊತ್ತ ಇಂಗ್ಲಿಷ್ ಸಾಲುಗಳು ಮೂಡತೊಡಗಿದವು. ಒಂದು ಸಾಲು, ಕಡತದ ಅನುಮತಿಗಳು ಅತಿಯಾಗಿ ತೆರೆದಿವೆಯೆಂದು ಹೇಳುತ್ತಿತ್ತು. ಇನ್ನೊಂದು, ಗೇಟ್‌ವೇಯನ್ನು ಬರೆದ ಕ್ರಮ ಹಳತಾಯಿತೆನ್ನುತ್ತಿತ್ತು. ಮೂರನೆಯದು, ಓಪನ್ ವಿಸ್ವಿಚ್ ಎಂಬ ಯಾವುದೋ ಸೇವೆ ನಡೆಯುತ್ತಿಲ್ಲವೆಂದು ದೂರುತ್ತಿತ್ತು.

ಮೂರು ವಾರ ನಾನು ಆ ಸಾಲುಗಳನ್ನು ಓದದೆಯೇ ಬಿಟ್ಟೆನು. ಅದಕ್ಕೆ ಕಾರಣವಿತ್ತು. ಗಣಕದ ಪರಿಭಾಷೆಯಲ್ಲಿ ದೋಷ ಬೇರೆ, ಎಚ್ಚರಿಕೆ ಬೇರೆ. ದೋಷವು ಕೆಲಸವನ್ನು ನಿಲ್ಲಿಸುತ್ತದೆ. ಅದನ್ನು ಸರಿಪಡಿಸದೆ ಮುಂದೆ ಹೆಜ್ಜೆಯಿಡಲು ಸಾಧ್ಯವಿಲ್ಲ. ಎಚ್ಚರಿಕೆಯಾದರೋ ಹೇಳಬೇಕಾದುದನ್ನು ಹೇಳಿ ಬದಿಗೆ ಸರಿದು ಕೆಲಸಕ್ಕೆ ದಾರಿಬಿಡುತ್ತದೆ. ಪುಟಗಳು ತೆರೆಯುತ್ತಿದ್ದವು, ಹಾಳೆಗಳು ಮುದ್ರಿತವಾಗುತ್ತಿದ್ದವು, ಮಕ್ಕಳು ಸಂತೋಷದಿಂದ ಮನೆಗೆ ಹೋಗುತ್ತಿದ್ದರು. ಹೀಗಿರುವಾಗ, ಇರುಳು ಓಣಿಯಲ್ಲಿ ಸುತ್ತುವ ಕಾವಲುಗಾರನ ಕೂಗು ದಿನಾ ಕೇಳಿಕೇಳಿ ಕಿವಿಗೆ ತಾಗದಂತಾಗುವಂತೆ, ಆ ಸಾಲುಗಳೂ ನನ್ನ ಕಣ್ಣಿಗೆ ಕೇವಲ ಅಕ್ಷರಗಳ ಗೀಟುಗಳಾಗಿಬಿಟ್ಟವು. ಇಂಥ ಅಭ್ಯಾಸಬಲವು ಗಣಕವನ್ನು ಬಳಸುವ ಬಹುಮಂದಿಗೆ ಇದೆಯೆಂದು ಬಲ್ಲೆ. ಈ ಲೇಖನವನ್ನು ಬರೆಯಲು ಅದೇ ಪ್ರೇರಣೆ.

ಒಂದು ಸಂಜೆ, ನೇಕಾರರ ಮನೆಯಿಂದ ಬಂದು ಡಿಗ್ರಿ ಕಾಲೇಜಿನಲ್ಲಿ ಓದುತ್ತಿರುವ ಹುಡುಗನೊಬ್ಬ, ತನ್ನ ಖಾತೆಯಲ್ಲಿ ಏನನ್ನೋ ನೋಡುತ್ತ ಕುಳಿತಿದ್ದವನು, ತಟಕ್ಕನೆ ನನ್ನ ಕಡೆ ತಿರುಗಿ, ಸ್ವಲ್ಪ ಅಳುಕಿನಿಂದಲೇ, "ಸರ, ಸಿಟ್ಟಾಗಬ್ಯಾಡ್ರಿ. ನಿಮ್ಮ ವೈಫೈ ಪಾಸ್‌ವರ್ಡ್ ಇದೇ ಏನ್ರಿ?" ಎಂದು ಕೇಳಿ, ಬೆರಳಿಟ್ಟು ತೋರಿಸಿದನು. ನನ್ನ ಗುಪ್ತಪದವು ತೆರೆಯ ಮೇಲೆ ಅಕ್ಷರಕ್ಕೆ ಅಕ್ಷರ ಸರಿಯಾಗಿ ನಿಂತಿತ್ತು.

"ತಮ್ಮಾ, ಇದು ನಿನಗ ಯಾರು ಹೇಳಿದ್ರು?" ಎಂದೆನು.

"ಯಾರೂ ಹೇಳಿಲ್ರಿ ಸರ. ನಿನ್ನೆ ನೀವು ಆಜ್ಞೆ ಕೊಟ್ಟಾಗ ಒಂದು ಸಾಲು ಬಂತಲ್ರಿ, ಅದರಾಗ ಕಡತದ ಹೆಸರು ಬರ್ದಿತ್ತು. ಅತಿ ತೆರೆದದ ಅಂತ ಅದೇ ಹೇಳ್ತಿತ್ತು. ಖರೇ ಏನು ಅಂತ ತೆರೆದು ನೋಡಿದೆ, ತೆರೀತು."

ಆ ಹುಡುಗನಲ್ಲಿ ಕಪಟವಿರಲಿಲ್ಲ. ಕುತೂಹಲವಿತ್ತು, ಕುತೂಹಲದಿಂದ ಕಂಡುದನ್ನು ಮುಚ್ಚಿಡದೆ ಹೇಳುವ ಪ್ರಾಮಾಣಿಕತೆಯಿತ್ತು. ಆದರೆ ನನ್ನ ಪಡಸಾಲೆಯಲ್ಲಿ ಖಾತೆಯುಳ್ಳವರು ಅವನೊಬ್ಬನೇ ಅಲ್ಲ. ಮೂರು ವಾರಗಳಿಂದ ಆ ಕಡತದ ಬಾಗಿಲು ಎಲ್ಲರಿಗೂ ತೆರೆದೇ ಇತ್ತು. ತೆರೆದಿದೆಯೆಂದು ಯಂತ್ರವು ನನಗೆ ದಿನವೂ ಹೇಳುತ್ತಲೇ ಇತ್ತು.

ಈಗ ಆ ಕಡತದ ಸ್ವರೂಪವನ್ನು ವಿವರಿಸುತ್ತೇನೆ. ಉಬುಂಟುವಿನಲ್ಲಿ ಜಾಲದ ಏರ್ಪಾಡನ್ನು ನೋಡಿಕೊಳ್ಳುವುದಕ್ಕೆ ಎರಡು ಅಂಗಗಳಿವೆ. ಒಂದು, ರೆಡ್‌ಹ್ಯಾಟ್ ಸಂಸ್ಥೆಯು 2004ರಲ್ಲಿ ಆರಂಭಿಸಿದ ನೆಟ್‌ವರ್ಕ್ ಮ್ಯಾನೇಜರ್. ಇನ್ನೊಂದು, ಉಬುಂಟುವನ್ನು ಪೋಷಿಸುವ ಕೆನಾನಿಕಲ್ ಸಂಸ್ಥೆಯು ರೂಪಿಸಿ, 2017ರ ಅಕ್ಟೋಬರಿನ ಆವೃತ್ತಿಯಿಂದ ರೂಢಿಗೆ ತಂದ ನೆಟ್‌ಪ್ಲಾನ್. ಮಗ್ಗದ ಊರಿನವರಿಗೆ ಇವುಗಳ ಸಂಬಂಧವನ್ನು ತಿಳಿಸುವುದು ಕಷ್ಟವಲ್ಲ. ಸೀರೆಯ ಅಂಚು ಇಷ್ಟಗಲ, ಒಡಲಿನ ಬಣ್ಣ ಇಂಥದು, ಸೆರಗಿನಲ್ಲಿ ಇಂಥ ಬುಟ್ಟಾ ಎಂಬ ನಿರ್ಣಯ ಒಂದು ಕಡೆ ಇರುತ್ತದೆ. ಅದನ್ನು ನೋಡಿಕೊಂಡು ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿಯನ್ನು ಆಡಿಸುವವನು ಬೇರೊಬ್ಬನು. ನೆಟ್‌ಪ್ಲಾನ್ ಎಂಬುದು ಆ ನಿರ್ಣಯದ ಬರಹ, ನೆಟ್‌ವರ್ಕ್ ಮ್ಯಾನೇಜರ್ ಎಂಬುದು ನೇಯುವ ಕೈ. ಬರಹವು ಯಂತ್ರದೊಳಗಣ 'ಇಟಿಸಿ' ಎಂಬ ಕೋಶದಲ್ಲಿ, ನೆಟ್‌ಪ್ಲಾನ್ ಎಂಬ ಹೆಸರಿನದೇ ಒಳಕೋಶದಲ್ಲಿ, ಯಾಮಲ್ ಎಂಬ ಸರಳ ಬರವಣಿಗೆಯ ಕ್ರಮದಲ್ಲಿ ಇರುತ್ತದೆ. ಕಡತಗಳು ಹಲವಿರಬಹುದು, ಹೆಸರಿನ ಮೊದಲಿಗೆ 01, 50, 90 ಎಂದು ಸಂಖ್ಯೆಗಳನ್ನು ಇಡುವ ವಾಡಿಕೆ ಏಕೆಂದರೆ, ವ್ಯವಸ್ಥೆಯು ಅವನ್ನು ಹೆಸರಿನ ಅನುಕ್ರಮದಲ್ಲಿ ಓದುತ್ತದೆ, ಒಂದೇ ವಿಷಯವನ್ನು ಎರಡು ಕಡತಗಳು ಬೇರೆಬೇರೆಯಾಗಿ ಹೇಳಿದ್ದರೆ ತರುವಾಯದ ಮಾತೇ ನಿಲ್ಲುತ್ತದೆ. 2023ರ ಅಕ್ಟೋಬರಿನ ಆವೃತ್ತಿಯಿಂದ ಈಚೆಗೆ, ನಾವು ಮೇಜಿನ ತೆರೆಯ ಮೂಲೆಯಲ್ಲಿರುವ ವೈಫೈ ಚಿಹ್ನೆಯನ್ನು ಒತ್ತಿ ಗುಪ್ತಪದವನ್ನು ಕೊಟ್ಟಾಗಲೂ ಅದು ಈ ಕೋಶದಲ್ಲೇ 90ರಿಂದ ಆರಂಭವಾಗುವ ಹೆಸರಿನ ಕಡತವಾಗಿ ಕುಳಿತುಕೊಳ್ಳುತ್ತದೆ. ಹಾಗೆ ವ್ಯವಸ್ಥೆ ತಾನೇ ಬರೆದ ಕಡತಗಳಿಗೆ ಸಾಮಾನ್ಯವಾಗಿ ಬೀಗವಿರುತ್ತದೆ. ಕೈಯಾರೆ ಬರೆದವುಗಳಿಗೆ ಇರುವುದಿಲ್ಲ.

ಬೀಗವೆಂದರೇನು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಿಂದ ಈಚೆಗೆ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ ಕಟ್ಟಿದ ಯೂನಿಕ್ಸ್ ವ್ಯವಸ್ಥೆಯಿಂದ ಲಿನಕ್ಸಿಗೆ ಪಿತ್ರಾರ್ಜಿತವಾಗಿ ಬಂದ ಒಂದು ಸುಂದರ ಸಂವಿಧಾನವಿದೆ. ಅದರ ಪ್ರಕಾರ ಪ್ರತಿಯೊಂದು ಕಡತವನ್ನು ನೋಡುವವರು ಮೂರು ತೆರನಾದವರು: ಕಡತದ ಒಡೆಯ, ಒಡೆಯನ ಬಳಗ, ಉಳಿದ ಸಮಸ್ತರು. ಇವರಿಗೆ ಕೊಡಬಹುದಾದ ಅಧಿಕಾರಗಳೂ ಮೂರು: ಓದುವುದು, ಬರೆಯುವುದು, ನಡೆಸುವುದು. ಓದುವ ಅಧಿಕಾರಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಬೆಲೆಕಟ್ಟಿ, ಒಬ್ಬೊಬ್ಬರಿಗೆ ಕೊಟ್ಟುದನ್ನು ಕೂಡಿಸಿ, ಮೂರು ಅಂಕಿಗಳನ್ನು ಸಾಲಾಗಿ ಬರೆಯುತ್ತಾರೆ. 644 ಎಂದರೆ ಒಡೆಯನು ಓದಬಹುದು, ಬರೆಯಬಹುದು. ಬಳಗದವರೂ ಸಮಸ್ತರೂ ಓದಬಹುದು. 600 ಎಂದರೆ ಒಡೆಯನಿಗೆ ಮಾತ್ರ ಓದುವ ಬರೆಯುವ ಹಕ್ಕು; ಉಳಿದವರಿಗೆ ಸೊನ್ನೆ. ವ್ಯವಸ್ಥೆಯ ಮುಖ್ಯಾಧಿಕಾರಿಯಾದ ರೂಟ್ ಎಂಬ ಖಾತೆಯಿಂದ ಹೊಸ ಕಡತವನ್ನು ಸೃಷ್ಟಿಸಿದಾಗ, ಬೇರೆ ಹೇಳದಿದ್ದರೆ, ಅದು 644ರ ಅಧಿಕಾರದೊಂದಿಗೆ ಹುಟ್ಟುವುದು ರೂಢಿ. ಬಹುಪಾಲು ಕಡತಗಳಿಗೆ ಅದರಿಂದ ಬಾಧಕವಿಲ್ಲ, ಸಾಧಕವೇ ಉಂಟು. ಆದರೆ ಗುಪ್ತಪದವನ್ನು ಮರೆಮಾಡದೆ, ಇದ್ದದ್ದು ಇದ್ದಂತೆಯೇ ಹೊತ್ತಿರುವ ಕಡತಕ್ಕೆ ಅದು ಸಲ್ಲದು. ಯಂತ್ರದ ದೂರು ಇಷ್ಟೇ: ಜಾಲದ ವಿವರಗಳು ಪರರಿಗೆ ನಿಲುಕುವಂತಿರಕೂಡದು.

ಪರಿಹಾರ ಒಂದು ಸಾಲಿನದು. ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆದು, ಮುಖ್ಯಾಧಿಕಾರಿಯ ಹಕ್ಕಿನಿಂದ ಕೆಲಸ ಮಾಡಿಸುವ 'ಸುಡೊ' ಎಂಬ ಪದವನ್ನು ಮೊದಲು ಬರೆದು, ಅಧಿಕಾರವನ್ನು ಬದಲಿಸುವ 'ಚ್‌ಮೋಡ್' ಎಂಬ ಆಜ್ಞೆಯನ್ನು ಬಿಡಿಸಿ ಬರೆದು, ಅದರ ಮುಂದೆ 600 ಎಂಬ ಸಂಖ್ಯೆಯನ್ನೂ ಕಡತದ ಪೂರ್ಣ ಹೆಸರನ್ನೂ ಇಟ್ಟು ಎಂಟರ್ ಗುಂಡಿಯನ್ನು ಒತ್ತಿದರಾಯಿತು. ಕಡತದ ಹೆಸರನ್ನು ಹುಡುಕಬೇಕಾಗಿಲ್ಲ. ಎಚ್ಚರಿಕೆಯ ಸಾಲಿನಲ್ಲೇ ಅದು ಸಂಪೂರ್ಣವಾಗಿ ಬರೆದಿರುತ್ತದೆ, ಹಾಗೆಯೇ ನೋಡಿ ಬರೆಯಬಹುದು. ನಾನು ಹಾಗೆ ಮಾಡಿ, ಹುಡುಗನಿಗೆ ಮತ್ತೆ ತೆರೆದು ನೋಡೆಂದೆನು. ಅನುಮತಿಯಿಲ್ಲವೆಂಬ ಉತ್ತರ ಬಂದಿತು. ಜಾರಿಯ ಆಜ್ಞೆಯನ್ನು ಕೊಟ್ಟಾಗ ಮೊದಲನೆಯ ಎಚ್ಚರಿಕೆಯ ಸಾಲು ಮೂಡಲಿಲ್ಲ.

ಇಲ್ಲಿಗೆ ಮುಗಿಯಿತೆಂದು ಎದ್ದುಬಿಡುವವರೇ ಹೆಚ್ಚು. ಆದರೆ ಸಾಲು ಮರೆಯಾದುದು ಬೇರೆ, ಸಾಲು ಹೇಳಿದ ಸಂಗತಿ ಪರಿಹಾರವಾದುದು ಬೇರೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಮೂರು ವಾರ ತೆರೆದಿದ್ದ ಪೆಟ್ಟಿಗೆಗೆ ಇಂದು ಬೀಗ ಹಾಕಿದ ಮಾತ್ರಕ್ಕೆ, ಒಳಗಿದ್ದುದನ್ನು ಆಗಲೇ ಕಂಡವರ ಕಣ್ಣಿನಿಂದ ಅದು ಅಳಿಸಿಹೋಗುವುದಿಲ್ಲ. ಆದಕಾರಣ ಆ ರಾತ್ರಿಯೇ ರೌಟರಿನಲ್ಲಿ ವೈಫೈಯ ಗುಪ್ತಪದವನ್ನು ಬದಲಿಸಿ, ಹೊಸದನ್ನು ಬೀಗವುಳ್ಳ ಕಡತದಲ್ಲಿ ಬರೆದೆನು. ಹಳೆಯ ಗುಪ್ತಪದವನ್ನು ಬೇರೆ ಕಡೆಯಲ್ಲಿಯೂ ಬಳಸಿದವರಿದ್ದರೆ ಅಲ್ಲಿಯೂ ಬದಲಿಸುವುದು ಅವಶ್ಯ. ಎಚ್ಚರಿಕೆಯನ್ನು ಸುಮ್ಮನಾಗಿಸುವ ಉಪಾಯಗಳು ಎಷ್ಟೋ ಇವೆ. ಅದರ ಬಾಯಿಯನ್ನು ಕಟ್ಟಿ ಕಾಣದ ಕಡೆಗೆ ತಳ್ಳಿಬಿಡುವ ಆಜ್ಞೆಗಳೂ ಇವೆ. ಯಾರು ಅದನ್ನು ಕಲಿಸಿದರೂ ಕಲಿಯಬೇಡಿರೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಎರಡನೆಯ ಎಚ್ಚರಿಕೆ ಗೇಟ್‌ವೇಯನ್ನು ಕುರಿತದ್ದು. ಇದನ್ನು ತಿಳಿಯಲು ವಿಳಾಸಗಳ ವಿಷಯವಾಗಿ ಸ್ವಲ್ಪ ಹೇಳಬೇಕು. ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯಾರೂಪದ ವಿಳಾಸವಿರುತ್ತದೆ. 1981ರಲ್ಲಿ ವಿಧಿಸಲಾದ, ಇಂದಿಗೂ ಬಳಕೆಯಲ್ಲಿರುವ ಕ್ರಮದಲ್ಲಿ ಒಟ್ಟು ಸಾಧ್ಯವಾಗುವ ವಿಳಾಸಗಳು 4,294,967,296. ಭೂಮಿಯ ಜನಸಂಖ್ಯೆಗಿಂತಲೂ ಇದು ಕಡಿಮೆ. ಈ ಅಭಾವವನ್ನು ಸೈರಿಸುವ ಸಲುವಾಗಿ 1996ರಲ್ಲಿ ಕೆಲವು ವಿಳಾಸಗಳನ್ನು ಮನೆಯೊಳಗಿನ ಬಳಕೆಗೆಂದೇ ಮೀಸಲಿಡುವ ನಿಯಮವಾಯಿತು. 192.168ರಿಂದ ಆರಂಭವಾಗುವ ಸಂಖ್ಯೆಗಳು ಅಂಥವು. ಅವು ರಂಗಂಪೇಟೆಯ ನನ್ನ ಮನೆಯಲ್ಲಿಯೂ ಉಂಟು, ಹೆಲ್ಸಿಂಕಿಯ ಮನೆಗಳಲ್ಲಿಯೂ ಉಂಟು, ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಮನೆಯ ಹೊರಗೆ ಹೋಗಬೇಕಾದ ಮಾತುಗಳೆಲ್ಲ ರೌಟರಿನ ಮೂಲಕವೇ ಹೋಗಬೇಕು. ಆ ರೌಟರಿನ ಒಳಮುಖದ ವಿಳಾಸವೇ ಗೇಟ್‌ವೇ. ಅನೇಕ ಮನೆಗಳಲ್ಲಿ ಅದು 192.168.1.1 ಆಗಿರುತ್ತದೆ.

ಹಿಂದೆ ಈ ವಿಳಾಸವನ್ನು 'ಗೇಟ್‌ವೇ 4' ಎಂಬ ಒಂದೇ ಪದದ ಮುಂದೆ ಬರೆದರೆ ಸಾಕಾಗಿತ್ತು. 2022ರ ಏಪ್ರಿಲ್ ಆವೃತ್ತಿಯ ವೇಳೆಗೆ ಆ ಪದವನ್ನು ಹಳೆಯದೆಂದು ಸಾರಿ, 'ರೂಟ್ಸ್' ಎಂಬ ತಲೆಬರಹದ ಕೆಳಗೆ, ಎಲ್ಲಿಗೆ ಮತ್ತು ಯಾವುದರ ಮೂಲಕ ಎಂಬ ಎರಡು ವಿವರಗಳನ್ನು ಬಿಡಿಸಿ ಬರೆಯಬೇಕೆಂದು ಕಟ್ಟುಮಾಡಿದರು. ಇದು ವ್ಯರ್ಥ ನಿಷ್ಠುರತೆಯೆಂದು ಮೊದಲು ನನಗೆ ತೋರಿತು. ವಿಚಾರಿಸಿದಾಗ ಅದರಲ್ಲಿ ನ್ಯಾಯವಿದೆಯೆಂದು ಒಪ್ಪಬೇಕಾಯಿತು. ಸುರಪುರದಿಂದ ಹೊರಡುವ ರಸ್ತೆಗಳನ್ನು ನೆನೆಯಿರಿ: ಯಾದಗಿರಿಗೆ ಹೋಗುವವನು ಶಹಾಪುರದ ದಾರಿ ಹಿಡಿಯುತ್ತಾನೆ, ಲಿಂಗಸುಗೂರಿಗೆ ಹೋಗುವವನು ತಿಂಥಣಿಯ ಸೇತುವೆಯಲ್ಲಿ ಕೃಷ್ಣೆಯನ್ನು ದಾಟುತ್ತಾನೆ. ಊರಿಗೆ ಒಂದೇ ಅಗಸಿ, ಒಂದೇ ದಾರಿ ಇದ್ದಾಗ, ಇದು ಹೊರದಾರಿ ಎಂದಷ್ಟೇ ಹೇಳಿದರೂ ಸಾಕು. ದಾರಿಗಳು ಎರಡಾದಾಗ, ಯಾವ ಊರಿಗೆ ಯಾವುದು, ಎತ್ತಲೆಂದು ತಿಳಿಯದವನು ಯಾವುದನ್ನು ಹಿಡಿಯಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕಾಗುತ್ತದೆ. ಗಣಕಕ್ಕೂ ತಂತಿಯದೊಂದು ದಾರಿ, ವೈಫೈಯದೊಂದು ದಾರಿ ಇರಬಹುದು. ಎರಡನ್ನೂ ಹೊರದಾರಿಯೆಂದು ಬರೆದಿಟ್ಟರೆ, ಹೊರದಾರಿಯ ಘೋಷಣೆಗಳು ಪರಸ್ಪರ ವಿರುದ್ಧವಾಗಿವೆಯೆಂಬ ಬೇರೊಂದು ಎಚ್ಚರಿಕೆಯೇ ಬರುತ್ತದೆ. ಅಂಥಲ್ಲಿ ಒಂದೊಂದು ದಾರಿಗೆ 'ಮೆಟ್ರಿಕ್' ಎಂಬ ತೂಕದ ಸಂಖ್ಯೆಯನ್ನು ಕೊಡಬೇಕು. ಕಡಿಮೆ ತೂಕದ ದಾರಿಗೆ ಪ್ರಥಮ ಮನ್ನಣೆ. ನೆಟ್‌ವರ್ಕ್ ಮ್ಯಾನೇಜರ್ ತಾನಾಗಿಯೇ ತಂತಿಗೆ 100, ವೈಫೈಗೆ 600 ಎಂದು ಕೊಡುವುದು ಈ ಕಾರಣದಿಂದಲೇ.

ಈ ತಿದ್ದುಪಡಿಯನ್ನು ಮಾಡುವಾಗ ಒಂದು ವಿಷಯದಲ್ಲಿ ಜಾಗ್ರತೆ ಬೇಕು. ಯಾಮಲ್ ಬರವಣಿಗೆಯಲ್ಲಿ ಆವರಣಗಳು ಅನಿವಾರ್ಯವಲ್ಲ. ಸಾಲಿನ ಮೊದಲಲ್ಲಿ ಬಿಟ್ಟ ಖಾಲಿ ಜಾಗವೇ ಯಾವುದು ಯಾವುದರ ಅಂಗವೆಂಬುದನ್ನು ನಿರ್ಣಯಿಸುತ್ತದೆ. ಆ ಜಾಗವನ್ನು ಸ್ಪೇಸ್ ಗುಂಡಿಯಿಂದಲೇ ಬಿಡಬೇಕು. ಟ್ಯಾಬ್ ಗುಂಡಿಯನ್ನು ಒತ್ತಿದರೆ ವ್ಯವಸ್ಥೆ ಅದನ್ನು ಸ್ವೀಕರಿಸದು, ಎಚ್ಚರಿಕೆಯ ಬದಲು ದೋಷವೇ ಬಂದು ಕೆಲಸ ನಿಂತುಬಿಡುತ್ತದೆ. ನಾನು ಇದನ್ನು ಹೇಳುತ್ತಿದ್ದಾಗ ಹುಡುಗ ಥಟ್ಟನೆ, "ಹಾಸಿನ ಎಳಿ ಒಂದು ಹಣಗಿಯಾಗ ಮನಿ ತಪ್ಪಿದ್ರ ಇಡೀ ಬಟ್ಟಿ ಉದ್ದಕ್ಕೂ ಗೆರಿ ಬೀಳ್ತದಲ್ರಿ ಸರ, ಹಂಗ" ಎಂದನು. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆನು.

ಮೂರನೆಯ ಎಚ್ಚರಿಕೆಯನ್ನು ಕುರಿತು ಬಹಳ ಹೇಳಬೇಕಾದುದಿಲ್ಲ. ಓಪನ್ ವಿಸ್ವಿಚ್ ಎಂಬುದು ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ, ಒಂದು ಯಂತ್ರದೊಳಗೆ ಅನೇಕ ಕಲ್ಪಿತ ಯಂತ್ರಗಳು ನಡೆಯುವಲ್ಲಿ, ಅವುಗಳನ್ನು ಒಂದಕ್ಕೊಂದು ಜೋಡಿಸುವ ತಂತ್ರಾಂಶ. ಮನೆಯ ಗಣಕದಲ್ಲಿ ಅದಿರುವುದಿಲ್ಲ, ಇರಬೇಕಾದ ಅಗತ್ಯವೂ ಇಲ್ಲ. ಅದು ನಡೆಯುತ್ತಿಲ್ಲವೆಂಬ ಸಾಲಿನಿಂದ ಯಾವ ಹಾನಿಯೂ ಇಲ್ಲ. ಆ ಸಾಲನ್ನು ಕಳೆಯುವ ಸಲುವಾಗಿ ಬೇಡದ ತಂತ್ರಾಂಶವನ್ನು ತಂದು ತುಂಬುವುದು ಸರಿಯಲ್ಲ. ಆದರೆ ಹಾನಿಯಿಲ್ಲವೆಂಬುದು ಓದಿದ ಮೇಲೆ ತಿಳಿಯತಕ್ಕ ಮಾತು, ಓದದೆ ಊಹಿಸತಕ್ಕದ್ದಲ್ಲ. ಒಟ್ಟಿಗೆ ಬಂದ ಮೂರು ಸಾಲುಗಳಲ್ಲಿ ಒಂದು ನಿಜವಾದ ಅಪಾಯವನ್ನು ಹೇಳುತ್ತಿತ್ತು, ಒಂದು ಮುಂದಿನ ದಿನಗಳ ತೊಡಕನ್ನು, ಒಂದು ಏನನ್ನೂ ಇಲ್ಲ. ಹೊರನೋಟಕ್ಕೆ ಮೂರರ ವೇಷವೂ ಒಂದೇ ಆಗಿತ್ತು.

ಬರಹದ ಎಚ್ಚರಿಕೆಗಳು ಹೀಗಾದರೆ, ಚಿಹ್ನೆಯಿಂದ ಹೇಳುವ ಎಚ್ಚರಿಕೆಯೊಂದು ಉಂಟು. ತೆರೆಯ ಮೇಲ್ಮೂಲೆಯಲ್ಲಿರುವ ಜಾಲದ ಗುರುತಿನ ಮೇಲೆ ಕೆಲವು ವೇಳೆ ಪ್ರಶ್ನಾರ್ಥಕ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಯಂತ್ರವು ಆಗಾಗ ಹೊರಗಿನ ಒಂದು ನಿಯತ ವಿಳಾಸವನ್ನು ಮುಟ್ಟಿ ನೋಡುತ್ತಿರುತ್ತದೆ. ಉತ್ತರ ಬಾರದಿದ್ದಾಗ, ಮನೆಯೊಳಗಿನ ಸಂಪರ್ಕವಿದ್ದರೂ ಹೊರಗಿನದು ಸಂಶಯವೆಂದು ಹೀಗೆ ಸೂಚಿಸುತ್ತದೆ. ಆಗ ಗಾಬರಿಯಿಂದ ಎಲ್ಲವನ್ನೂ ಆರಿಸಿ ಹೊತ್ತಿಸುವುದಕ್ಕಿಂತ, ಹತ್ತಿರದಿಂದ ದೂರಕ್ಕೆ ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸುವುದು ಮೇಲು. ಇದಕ್ಕೆ ಉಪಕರಣ 'ಪಿಂಗ್'. ಅಮೆರಿಕದ ಮೈಕ್ ಮೂಸ್ ಎಂಬುವರು 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು. ನೀರಿನೊಳಗೆ ಧ್ವನಿಯನ್ನು ಕಳುಹಿಸಿ ಪ್ರತಿಧ್ವನಿಯಿಂದ ದೂರದ ವಸ್ತುವನ್ನು ಅರಿಯುವ ಸೋನಾರ್ ಯಂತ್ರದ ಸದ್ದಿನಿಂದ ಅದಕ್ಕೆ ಈ ಹೆಸರು. ಮೊದಲು 127.0.0.1ನ್ನು ಕೂಗಿ ನೋಡಬೇಕು. ಅದು ಯಂತ್ರವು ತನ್ನನ್ನೇ ಕರೆದುಕೊಳ್ಳುವ ವಿಳಾಸ. ಆಮೇಲೆ ಗೇಟ್‌ವೇಯನ್ನು. ಅದು ಓಗೊಡದಿದ್ದರೆ ತೊಂದರೆ ಮನೆಯೊಳಗೇ ಇದೆ: ತಂತಿ ಸಡಿಲವಾಗಿರಬಹುದು, ವಿಳಾಸವೇ ಸಿಕ್ಕದಿರಬಹುದು.

ವಿಳಾಸ ಸಿಗುವ ಕ್ರಮವೂ ತಿಳಿದಿರತಕ್ಕದ್ದೇ. 1993ರಲ್ಲಿ ಸೂತ್ರೀಕರಿಸಲಾದ ಡಿಎಚ್‌ಸಿಪಿ ಎಂಬ ಏರ್ಪಾಡಿನಂತೆ ರೌಟರು ಒಂದೊಂದು ಯಂತ್ರಕ್ಕೂ ನಿಯಮಿತ ಅವಧಿಗೆ ವಿಳಾಸವನ್ನು ಕೊಡುತ್ತದೆ. ಅದರ ಪಾರಿಭಾಷಿಕ ಹೆಸರೇ ಲೀಜು, ನಮ್ಮ ಸೀಮೆಯಲ್ಲಿ ಹೊಲವನ್ನು ಲೀಜಿಗೆ ಹಿಡಿಯುವಂತೆಯೇ. ಅವಧಿ ಮುಗಿಯುವ ಮೊದಲೇ ಯಂತ್ರವು ಅದನ್ನು ನವೀಕರಿಸಿಕೊಳ್ಳಬೇಕು. ಕೊಡುವ ರೌಟರೇ ಮಾತಾಡದಿದ್ದಾಗ ಕೆಲವು ಯಂತ್ರಗಳು 169.254ರಿಂದ ಆರಂಭವಾಗುವ ಸಂಖ್ಯೆಯೊಂದನ್ನು ತಾವೇ ಇಟ್ಟುಕೊಳ್ಳುತ್ತವೆ. ಅದು ಕಂಡರೆ ರೌಟರಿನೊಡನೆ ಮಾತುಕತೆ ನಡೆದಿಲ್ಲವೆಂದು ನಿಶ್ಚಯಿಸಬಹುದು.

ಗೇಟ್‌ವೇ ಓಗೊಟ್ಟಿತೆಂದಿಟ್ಟುಕೊಳ್ಳಿ. ಮುಂದಿನ ಹೆಜ್ಜೆ, 8.8.8.8ರಂಥ ಹೊರಗಿನ ಪ್ರಸಿದ್ಧ ಸಂಖ್ಯೆಯೊಂದನ್ನು ಕರೆಯುವುದು. ಉತ್ತರ ಬಾರದಿದ್ದರೆ ಸೇವೆಯನ್ನು ಕೊಡುವವರ ಕಡೆ ವಿಚಾರಿಸಬೇಕು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ, ದೋಷವಿರುವುದು ಹೆಸರನ್ನು ಸಂಖ್ಯೆಗೆ ಪರಿವರ್ತಿಸುವ ಡಿಎನ್‌ಎಸ್ ಎಂಬ ವ್ಯವಸ್ಥೆಯಲ್ಲಿ. ಒಂದು ಕಾಲದಲ್ಲಿ ಜಾಲದ ಸಮಸ್ತ ಯಂತ್ರಗಳ ಹೆಸರೂ ಸಂಖ್ಯೆಯೂ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿದ್ದ ಒಂದೇ ಕಡತದಲ್ಲಿದ್ದವು, ಎಲ್ಲರೂ ಅಲ್ಲಿಂದ ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿ ಅದು ಅಸಾಧ್ಯವಾದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಈಗಿನ ವಿಕೇಂದ್ರಿತ ಏರ್ಪಾಡನ್ನು ರೂಪಿಸಿದರು. ಉಬುಂಟುವಿನಲ್ಲಿ ಹೆಸರು ಕೇಳುವ ಸ್ಥಾನವಾಗಿ 127.0.0.53 ಎಂಬ ಸಂಖ್ಯೆಯನ್ನು ಕಂಡು, ಇದೇನೋ ತಪ್ಪೆಂದು ಅಳಿಸಿದವರನ್ನು ನಾನು ಕಂಡಿದ್ದೇನೆ. ಅದು ತಪ್ಪಲ್ಲ, ಯಂತ್ರದೊಳಗೇ ಕುಳಿತು, ನಮ್ಮ ಪರವಾಗಿ ಹೊರಗೆ ವಿಚಾರಿಸಿ ಬರುವ ಮಧ್ಯವರ್ತಿಯ ವಿಳಾಸ.

ಈ ಎಲ್ಲ ಪ್ರಸಂಗದಲ್ಲಿ ನನ್ನ ಮನಸ್ಸಿಗೆ ನಾಟಿ ನಿಂತ ವಿಷಯವೊಂದಿದೆ. ಲಿನಕ್ಸಿನ ಮೇಜಿನ ತೆರೆಯನ್ನು ಕನ್ನಡದಲ್ಲಿ ಕಾಣಬಹುದು. ಸ್ವಯಂಸೇವಕರು ಎಷ್ಟೋ ವರ್ಷಗಳ ಪರಿಶ್ರಮದಿಂದ ಅದರ ಪಟ್ಟಿಗಳನ್ನೂ ಗುಂಡಿಗಳ ಹೆಸರುಗಳನ್ನೂ ಅನುವಾದಿಸಿದ್ದಾರೆ. ಕೀಲಿಮಣೆಯ ವಿನ್ಯಾಸಗಳ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರನ್ನು ಕಂಡಾಗಲೆಲ್ಲ ನನಗೆ ಹೆಮ್ಮೆಯುಂಟಾಗುತ್ತದೆ. ಕನ್ನಡ ಗಣಕ ಪರಿಷತ್ತಿನ ಆ ಮೂರಕ್ಷರಗಳು ಪ್ರಪಂಚದ ಯಾವ ಮೂಲೆಯಲ್ಲಿ ಲಿನಕ್ಸನ್ನು ಸ್ಥಾಪಿಸಿದರೂ ಜೊತೆಗೆ ಹೋಗಿ ಕುಳಿತಿರುತ್ತವೆ. ಆದರೆ ಅಪಾಯವನ್ನು ಹೇಳಬೇಕಾದ ಸಾಲು ಮಾತ್ರ ನನ್ನ ಯಂತ್ರದಲ್ಲಿ ಇಂಗ್ಲಿಷಿನಲ್ಲಿಯೇ ಬಂದಿತು. ಗುಂಡಿಯ ಹೆಸರು ಅರ್ಥವಾಗದಿದ್ದರೆ ಅದರ ಚಿತ್ರವನ್ನು ನೋಡಿಯಾದರೂ ಊಹಿಸಬಹುದು. ಎಚ್ಚರಿಕೆಗೆ ಚಿತ್ರವಿಲ್ಲ, ಅದರ ಪ್ರಾಣವೆಲ್ಲ ಮಾತಿನಲ್ಲಿದೆ. ಅನುವಾದಕ್ಕೆ ಕೈಹಾಕುವ ತರುಣರು ಮೊದಲು ಎಚ್ಚರಿಕೆಗಳನ್ನು ಕನ್ನಡಿಸಿ, ಆಮೇಲೆ ಅಲಂಕಾರದ ಮಾತುಗಳಿಗೆ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹುಡುಗನು ಅಂದೇ ತನ್ನ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಮೊದಲನೆಯ ಸಾಲನ್ನು ಕನ್ನಡಕ್ಕೆ ತಿರುಗಿಸಿ ಬರೆದನು: ಈ ಕಡತದ ಬಾಗಿಲು ಎಲ್ಲರಿಗೂ ತೆರೆದಿದೆ, ಇದರೊಳಗಿನ ಜಾಲದ ವಿವರವನ್ನು ಪರರು ನೋಡುವಂತಿರಬಾರದು. ತಿದ್ದಲು ನನಗೆ ಒಂದಕ್ಷರವೂ ಸಿಕ್ಕಲಿಲ್ಲ.

ಗೇಟ್‌ವೇಯ ಸಾಲನ್ನು ಹೊಸ ಕ್ರಮಕ್ಕೆ ಬದಲಿಸುವ ಕೆಲಸವನ್ನು ಮರುದಿನ ಅವನ ಕೈಯಿಂದಲೇ ಮಾಡಿಸಿದೆನು. ನೆಟ್‌ಪ್ಲಾನಿನಲ್ಲಿ ಜಾರಿಗೊಳಿಸುವ ಆಜ್ಞೆಯ ಜೊತೆಗೆ 'ಟ್ರೈ' ಎಂಬ ಇನ್ನೊಂದು ಆಜ್ಞೆಯಿದೆ. ಅದನ್ನು ಕೊಟ್ಟರೆ ಹೊಸ ಏರ್ಪಾಡು ತಾತ್ಕಾಲಿಕವಾಗಿ ಮಾತ್ರ ಜಾರಿಗೆ ಬಂದು, 120 ಸೆಕೆಂಡುಗಳೊಳಗೆ ನಾವು ಎಂಟರ್ ಗುಂಡಿಯನ್ನು ಒತ್ತಿ ಸಮ್ಮತಿಸಿದರೆ ಉಳಿಯುತ್ತದೆ. ಒತ್ತದಿದ್ದರೆ ಹಳೆಯದೇ ಹಿಂತಿರುಗುತ್ತದೆ. ತಪ್ಪು ಬರೆದು ಜಾಲದ ಸಂಪರ್ಕವನ್ನೇ ಕಳೆದುಕೊಂಡವನಿಗೆ ಇದಕ್ಕಿಂತ ಕರುಣೆಯ ಏರ್ಪಾಡು ಇನ್ನೊಂದಿಲ್ಲ. ಹುಡುಗ ಆಜ್ಞೆಯನ್ನು ಕೊಟ್ಟನು. ನಕ್ಷತ್ರದ ಸಾಲುಗಳಲ್ಲಿ ಓಪನ್ ವಿಸ್ವಿಚ್ಚಿನದೊಂದೇ ಮೂಡಿತು; ಅದನ್ನು ಅವನು ಗಟ್ಟಿಯಾಗಿ ಓದಿ, ಇದು ಇರಲೆಂದನು. ಸೆಕೆಂಡುಗಳು ಇಳಿಯತೊಡಗಿದವು. "ಒತ್ತಲೇನ್ರಿ ಸರ?" ಎಂದು ಕೇಳಿದನು. ತಡೆಯೆಂದು ಹೇಳಿ, ನೆರೆಮನೆಯವರ ಮೊಬೈಲಿನಿಂದ ಒಂದು ಹಾಳೆಯನ್ನು ಕಳುಹಿಸುವಂತೆ ಕೂಗಿದೆನು. ಓಣಿಯ ಕೊನೆಯಿಂದ ಮಗ್ಗದ ಸದ್ದು ಕೇಳಿಬರುತ್ತಿತ್ತು. 41 ಸೆಕೆಂಡು ಉಳಿದಿರುವಾಗ ಮುದ್ರಣಯಂತ್ರವು ಸದ್ದುಮಾಡಿ ಹಾಳೆಯನ್ನು ಹೊರಚಾಚಿತು. ಹುಡುಗ ಅದನ್ನು ಕೈಗೆ ತೆಗೆದುಕೊಂಡು ನೋಡಿ, ಗುಂಡಿಯನ್ನು ಒತ್ತಿದನು.